ಅಗ್ಗಿಷ್ಟಿಕೆ ಮಾತ್ರ ಮುಟ್ಟಬೇಡಿ

ಅಕ್ಕಪಕ್ಕದ ಎರಡು ಸಂಸಾರಗಳು. ಎರಡು ದಿನದ ಮಟ್ಟಿಗೆ ಮನೆಯ ಬೀಗದ ಕೈ ಅದಲುಬದಲು. ಇವರು ಅವರ ಮನೆಯ ಒಂದು ಕೋಣೆಯನ್ನು ಹೊಸದಾಗಿ ಅಲಂಕರಿಸಬೇಕು, ಅವರು ಇವರದನ್ನು. ಜೊತೆಗೆ ಟಿ.ವಿ.ಯವರೇ ಕಳಿಸಿದ ವಿನ್ಯಾಸಗಾರರು, ಒಬ್ಬ ಬಡಗಿ. ಎಲ್ಲ ಮುಗಿದ ಮೇಲೆ ಮನೆಯವರನ್ನು ಕಣ್ಣು ಮುಚ್ಚಿಸಿ ಕರೆತಂದು, ‘ಈಗ ಕಣ್ಣು ಬಿಡಿ’ ಎನ್ನುವುದು.

ಬ್ರಿಟನ್ನಿನ ಬಿಬಿಸಿ 1996ರಲ್ಲಿ ‘ಚೇಂಜಿಂಗ್ ರೂಮ್ಸ್’ ಎಂಬ ಹೆಸರಿನಲ್ಲಿ ಆರಂಭಿಸಿದ ಈ ಆಟ 2004ರವರೆಗೆ ನಡೆಯಿತು. ಒಂದು ಕೋಣೆಗೆ ಮೊದಮೊದಲು 500 ಪೌಂಡ್ ಮಿತಿ. ಅಮೆರಿಕದ ಟಿಎಲ್‌ಸಿ ವಾಹಿನಿ 2000ದಲ್ಲಿ ಇದನ್ನೇ ‘ಟ್ರೇಡಿಂಗ್ ಸ್ಪೇಸಸ್’ ಎಂದು ತನ್ನದಾಗಿಸಿಕೊಂಡಿತು. ಅಲ್ಲಿ ಮಿತಿ 1,000 ಡಾಲರ್. (ಟಿಎಲ್‌ಸಿ ಎಂದರೆ ‘ದಿ ಲರ್ನಿಂಗ್ ಚಾನೆಲ್’. ಪಾಠ ಹೇಳಲೆಂದು ಹುಟ್ಟಿದ ವಾಹಿನಿ ಗೋಡೆಗೆ ಬಣ್ಣ ಬಳಿಯುವಲ್ಲಿಗೆ ಬಂದು ನಿಂತದ್ದು ಬೇರೆಯೇ ಕಥೆ.)

ಆಟದ ಮುಖ್ಯ ನಿಯಮ ಒಂದೇ. ಮನೆಯವರು ತಮ್ಮ ಕೋಣೆಯ ಕಡೆ ಇಣುಕಿಯೂ ನೋಡಕೂಡದು. ಬಣ್ಣ ಯಾವುದು, ಪರದೆ ಯಾವುದು ಎಂದು ಕೇಳಕೂಡದು. ಕೇಳಿಬಿಟ್ಟರೆ ಕೊನೆಯ ಬೆರಗು ಎಲ್ಲಿಂದ ಬರಬೇಕು? ಒಬ್ಬ ಸಾಮಾನ್ಯ ಮೇಸ್ತ್ರಿ ಕೂಡ ಕೆಲಸಕ್ಕೆ ಮೊದಲು ‘ಯಜಮಾನರೇ, ನಿಮಗೆ ಹ್ಯಾಗೆ ಬೇಕು?’ ಎಂದು ಕೇಳುತ್ತಾನೆ. ಇಲ್ಲಿ ಆ ಪ್ರಶ್ನೆಯನ್ನೇ ಬೇಕೆಂದು ತೆಗೆದುಹಾಕಿದ್ದಾರೆ. ಮನೆಯವರು ನಕ್ಕರೂ ಸರಿ, ಅತ್ತರೂ ಸರಿ, ಕ್ಯಾಮೆರಾಕ್ಕೆ ಎರಡೂ ಒಂದೇ.

ಹಾಗಾಗಿ ವಿನ್ಯಾಸಗಾರರಿಗೆ ಧೈರ್ಯ ಬಂತು. ಅಮೆರಿಕದ ಕಾರ್ಯಕ್ರಮದ ಹಿಲ್ಡಿ ಸ್ಯಾಂಟೊ-ಟೊಮಸ್ ಎಂಬಾಕೆ ಒಂದು ಮನೆಯ ಗೋಡೆಗೆ ಒಣಹುಲ್ಲು ಅಂಟಿಸಿದರು. ಇನ್ನೊಂದು ಮನೆಯಲ್ಲಿ ಬಚ್ಚಲಿನ ಗೋಡೆಯ ತುಂಬ ಬಟ್ಟೆಯ ಹೂಗಳನ್ನು ಪಿನ್ನು ಹೊಡೆದು ಕೂರಿಸಿದರು. ನೋಡುವವರಿಗೆ ಒಂದು ಗಂಟೆಯ ಮೋಜು. ಹುಲ್ಲು ಕೀಳುವ ಕೆಲಸ ಮಾತ್ರ ಮನೆಯವರದು.

ಇವುಗಳಿಗಿಂತ ಹೆಚ್ಚು ಹೆಸರಾದದ್ದು ಸಿಯಾಟಲ್ ಕಡೆಯ ಒಂದು ಮನೆಯ ಕಥೆ. ಆ ಮನೆಯ ದಂಪತಿ ಒಂದೇ ಒಂದು ಮಾತು ಹೇಳಿದ್ದರು: ಇಟ್ಟಿಗೆಯ ಅಗ್ಗಿಷ್ಟಿಕೆಯೊಂದನ್ನು ಮುಟ್ಟಬೇಡಿ. ಚಳಿಯ ದೇಶದಲ್ಲಿ ಸಂಸಾರವೆಲ್ಲ ಅದರ ಸುತ್ತ ಕೂರುತ್ತದೆ. ನಮ್ಮಲ್ಲಿ ಜಗಲಿಯೋ ಪಡಸಾಲೆಯೋ ಇದ್ದ ಹಾಗೆ. ವಿನ್ಯಾಸಗಾರ ಡಗ್ ವಿಲ್ಸನ್ ಆ ಮಾತನ್ನು ಕೇಳಿಸಿಕೊಂಡೂ ಇಟ್ಟಿಗೆಯನ್ನು ಹಲಗೆ ಹೊಡೆದು ಮುಚ್ಚಿಸಿದರು. ಕಣ್ಣು ಬಿಟ್ಟ ಗೃಹಿಣಿ ಎರಡು ಮಾತಾಡಿ ಕೋಣೆಯಿಂದ ಹೊರಗೆ ಹೋದರು. ಬಟ್ಟೆಗೆ ಸಿಕ್ಕಿಸಿದ್ದ ಮೈಕು ಹಾಗೆಯೇ ಇತ್ತು. ಒಳಗಿನಿಂದ ಅವರು ಬಿಕ್ಕಿ ಅಳುವುದು ಇಡೀ ದೇಶಕ್ಕೆ ಕೇಳಿಸಿತು. ಆ ಕಂತನ್ನು ಜನ ಇಂದಿಗೂ ನೆನೆಸಿಕೊಳ್ಳುತ್ತಾರೆ, ಹೆಚ್ಚಿನವರು ನಗುತ್ತಲೇ.

‘ಒಪ್ಪಿ ಸಹಿ ಹಾಕಿದವರು ತಾವೇ ಅಲ್ಲವೇ, ಆಮೇಲೆ ಅಳುವುದೇಕೆ?’ ಎಂದು ವಾದಿಸುವವರಿದ್ದಾರೆ. ನಿಜ, ಸಹಿ ಹಾಕಿದ್ದರು. ಆದರೆ ಗಮನಿಸಿ: ಆಕೆ ನೆಲ, ಗೋಡೆ, ಪರದೆ, ಕುರ್ಚಿ ಎಲ್ಲವನ್ನೂ ಪರರ ಕೈಗೆ ಕೊಟ್ಟು, ಒಂದನ್ನು ಮಾತ್ರ ತನಗೆಂದು ಉಳಿಸಿಕೊಂಡಿದ್ದರು. ಕೈಹಾಕಿದ್ದು ಸರಿಯಾಗಿ ಅದಕ್ಕೇ. ಹೊಸ ಕೋಣೆ ಹಳೆಯದಕ್ಕಿಂತ ಚೆನ್ನಾಗಿತ್ತೇ ಎಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಚೆನ್ನಾಗಿಯೇ ಇದ್ದಿರಬಹುದು.

ಈ ಕಾರ್ಯಕ್ರಮಗಳಿಂದ ಒಳ್ಳೆಯದೇನೂ ಆಗಲಿಲ್ಲವೆಂದಲ್ಲ. ನಾಲ್ಕು ಹಲಗೆ, ಒಂದು ಡಬ್ಬಿ ಬಣ್ಣ, ಎರಡು ದಿನದ ಮೈಮುರಿತ ಇದ್ದರೆ ಸಾಧಾರಣ ಸಂಬಳದವರೂ ಮನೆಯ ಮುಖ ಬದಲಿಸಬಹುದೆಂದು ಅವು ತೋರಿಸಿಕೊಟ್ಟವು. ಖುಷಿಪಟ್ಟ ಸಂಸಾರಗಳೂ ಬೇಕಾದಷ್ಟಿದ್ದವು. 2003ರಲ್ಲಿ ಮಕ್ಕಳಿಗೆಂದೇ ಇದರ ಒಂದು ಮರಿ ಕಾರ್ಯಕ್ರಮ ಬಂತು. ಹುಡುಗರು ಹುಡುಗಿಯ ಕೋಣೆಯನ್ನು, ಹುಡುಗಿಯರು ಹುಡುಗನ ಕೋಣೆಯನ್ನು ಬದಲಿಸುವುದು. ನನಗೆ ಇದು ದೊಡ್ಡವರ ಆಟಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿತು. ದೊಡ್ಡವರಿಗೆ ಇಡೀ ಮನೆಯೇ ತಮ್ಮದು. ಮಕ್ಕಳಿಗೆ ತಮ್ಮದೆಂದು ಇರುವುದು ಆ ಒಂದು ಕೋಣೆ. ನಮ್ಮ ಎಷ್ಟೋ ಮನೆಗಳಲ್ಲಿ ಕೋಣೆಯೂ ಅಲ್ಲ, ಓದುವ ಮೇಜಿನ ಮೇಲಿನ ಮೂರು ಅಡಿ ಗೋಡೆ.

ಆ ಮೂರು ಅಡಿಯಲ್ಲಿ ಮಗ ಕ್ರಿಕೆಟ್ ಆಟಗಾರನ ಚಿತ್ರ ಅಂಟಿಸಿರುತ್ತಾನೆ. ಮಗಳು ಗೆಳತಿಯರು ಕೊಟ್ಟ ಗ್ರೀಟಿಂಗ್ ಕಾರ್ಡುಗಳನ್ನು ದಾರಕ್ಕೆ ಪೋಣಿಸಿ ತೂಗುಬಿಟ್ಟಿರುತ್ತಾಳೆ. ಪರೀಕ್ಷೆ ಹತ್ತಿರ ಬಂತೆಂದು ಅಪ್ಪ ಒಂದು ದಿನ ಎಲ್ಲ ಕಿತ್ತು ವೇಳಾಪಟ್ಟಿ ಅಂಟಿಸುತ್ತಾರೆ. ಮಕ್ಕಳು ಶಾಲೆಗೆ ಹೋದಾಗ ಮಾಡುವ ಕೆಲಸ ಇದು. ಇಲ್ಲೂ ಇಣುಕಿ ನೋಡುವ ಅವಕಾಶವಿಲ್ಲ.

ಹಾಗೆಂದು ಮಕ್ಕಳೇನು ಕಡಿಮೆಯಲ್ಲ. ಟಿ.ವಿ.ಯಲ್ಲಿ ಬಣ್ಣಬಣ್ಣದ ಕೋಣೆಗಳನ್ನು ನೋಡಿ ಬಂದ ಕಾಲೇಜಿನ ಹುಡುಗನಿಗೆ ಸ್ವಂತ ಮನೆಯ ಹಾಲು ನಾಚಿಕೆ ತರಿಸುತ್ತದೆ. ಷೋಕೇಸಿನಲ್ಲಿ ತುಂಬಿದ ಚನ್ನಪಟ್ಟಣದ ಗೊಂಬೆಗಳು, ಅಮ್ಮ ಹೆಣೆದ ಕ್ರೋಷಾ ಹೊದಿಕೆ, ಒಂದೇ ಮೊಳೆಗೆ ಮೂರು ಕ್ಯಾಲೆಂಡರ್. ‘ಸ್ನೇಹಿತರು ಬರ್ತಾರೆ, ಇದನ್ನೆಲ್ಲ ತೆಗೀರಿ’ ಎನ್ನುತ್ತಾನೆ. ಆ ಹೊದಿಕೆಯನ್ನು ಹೆಣೆಯುವಾಗ ಅಮ್ಮನಿಗೆ ಎಷ್ಟು ವಯಸ್ಸಾಗಿತ್ತೆಂದು ಅವನು ಕೇಳಿರುವುದಿಲ್ಲ. ಬಹುಶಃ ಈಗ ಅವನಿಗಿರುವಷ್ಟೇ.

ಮುಂದಿನ ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಮಾಡಿಸುವವರಿದ್ದರೆ ಒಂದು ಕೆಲಸ ಮಾಡಿ ನೋಡಬಹುದು. ಒಂದು ಹಾಳೆಯ ಮೇಲೆ ಮನೆಯ ಪ್ರತಿಯೊಬ್ಬರೂ ‘ಇದನ್ನು ಮುಟ್ಟಕೂಡದು’ ಎಂದು ಒಂದೊಂದು ವಸ್ತು ಬರೆಯಲಿ. ಅಜ್ಜಿಯದೂ ಇರಲಿ, ಎರಡನೇ ತರಗತಿಯವನದೂ ಇರಲಿ. ಕಾರಣ ಕೇಳಬೇಡಿ. ಹಾಳೆಯನ್ನು ಬಣ್ಣದವನ ಕೈಗೆ ಕೊಟ್ಟುಬಿಡಿ. ಪಟ್ಟಿ ಉದ್ದವಾದರೆ ಅವನು ಸ್ವಲ್ಪ ಗೊಣಗಿಯಾನು, ಅಷ್ಟೇ.