ಕ್ಯಾಮೆರಾ ಹೋದ ಮೇಲೆ ಊರಿಗೆ ಉಳಿಯುವುದೇನು?

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಿಗೆ ಕ್ಯಾಮೆರಾ ಹೊಸತಲ್ಲ. ಮಳೆ ಕೈಕೊಟ್ಟ ವರ್ಷ ಬಿರುಕುಬಿಟ್ಟ ಕೆರೆಯಂಗಳವನ್ನು ಸೆರೆಹಿಡಿಯಲು ಅದು ಬರುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವರ ಜೊತೆಯಲ್ಲಿ ಬರುತ್ತದೆ. ಗೊಲ್ಲರಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಕೂತ ಬಾಣಂತಿಯ ಸುದ್ದಿ ಹಬ್ಬಿದಾಗ ಧಾವಿಸಿ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಂತೂ ಪಾವಗಡದ ಆಕಾಶಕ್ಕೆ ಡ್ರೋನ್ ಏರಿಸಿ, ಕಣ್ಣು ಹಾಯುವಷ್ಟು ದೂರ ಹಾಸಿರುವ ಸೌರ ಫಲಕಗಳನ್ನು ತೋರಿಸುವುದು ವಾಡಿಕೆಯಾಗಿದೆ. ಬೆಳಿಗ್ಗೆ ಬಂದ ಕ್ಯಾಮೆರಾ ಸಂಜೆಗೆ ಹೊರಟುಹೋಗುತ್ತದೆ. ತೆಗೆದ ಚಿತ್ರ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಪ್ರದರ್ಶನವಾಗುತ್ತದೆ. ಚಿತ್ರದಲ್ಲಿರುವ ಜನ ಅದನ್ನು ನೋಡುವುದು ಅಪರೂಪ.

ಜನರ ದಿನನಿತ್ಯದ ಬದುಕು, ಸಂಸ್ಕೃತಿ ಮತ್ತು ಸಾಮಾಜಿಕ ಬದಲಾವಣೆಯನ್ನು ಕುರಿತ ಸಾಕ್ಷ್ಯಚಿತ್ರಗಳ ಬಗ್ಗೆ ಈ ಸೀಮೆಯ ಹಳ್ಳಿಗರೂ ವಿದ್ಯಾರ್ಥಿಗಳೂ ಗಂಭೀರವಾಗಿ ಯೋಚಿಸಬೇಕಾದ ಕಾಲ ಬಂದಿದೆ. ಸಾಕ್ಷ್ಯಚಿತ್ರ ಎಂಬ ಹೆಸರಿನಲ್ಲಿಯೇ ಸಾಕ್ಷ್ಯವೆಂಬ ಮಾತು ಅಡಗಿದೆ. ಸಾಕ್ಷಿಯ ಅಗತ್ಯ ಬೀಳುವುದು ತಕರಾರು ಬಂದ ದಿನ. ಆ ದಿನ ಸಾಕ್ಷಿ ಊರಿನಲ್ಲಿಲ್ಲದೆ ಎಲ್ಲೋ ದೂರದ ಕಪಾಟಿನಲ್ಲಿದ್ದರೆ ಅದರಿಂದ ಊರಿಗೆ ಆಗುವ ಪ್ರಯೋಜನವೇನು?

ಮೊದಲಿಗೆ ನೀರಿನ ವಿಷಯವನ್ನೇ ನೋಡಬಹುದು. ಹಳ್ಳದ ಮರಳಿನಲ್ಲಿ, ಕೆರೆಯ ಆಸುಪಾಸಿನಲ್ಲಿ, ತಗ್ಗಿನ ಜಮೀನಿನ ಅಂಚಿನಲ್ಲಿ ಹೆಚ್ಚು ಆಳವಿಲ್ಲದೆ ತಾನಾಗಿ ಉಕ್ಕುವ ಒರತೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ತಲಪರಿಗೆ ಎಂದು ಹೆಸರು. ಕುಡಿಯುವುದಕ್ಕೆ, ದನಕರುಗಳಿಗೆ, ಗದ್ದೆಗೆ ಇದೇ ನೀರು ಒದಗುತ್ತಿತ್ತು. ಸರದಿಯಂತೆ ನೀರು ಹಾಯಿಸುವುದು ನೀರುಗಂಟಿಯ ಕೆಲಸ. ಹೂಳು ತೆಗೆದು ಕಾಲುವೆ ಸರಿಪಡಿಸುವುದು ಅಚ್ಚುಕಟ್ಟಿನವರೆಲ್ಲರ ಹೊಣೆ. ಕೊಳವೆಬಾವಿಗಳು ನೂರಾರು ಅಡಿ ಕೆಳಗಿಳಿದಂತೆ, ಹಳ್ಳಕೊಳ್ಳಗಳ ಮರಳು ಲಾರಿ ಹತ್ತಿದಂತೆ ಹಲವು ತಲಪರಿಗೆಗಳು ಬತ್ತಿದವು. ಕೆಲವು ಹೂಳಿನಡಿ ಮುಚ್ಚಿಹೋದವು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಮರಳಿಗೂ ಇದೇ ಗತಿ ಒದಗಿತು.

ತಲಪರಿಗೆಯನ್ನು ಮತ್ತೆ ತೋಡಲು ಇಂದು ಉದ್ಯೋಗ ಖಾತರಿಯಂಥ ಯೋಜನೆಗಳಿಂದ ಹಣ ದೊರೆಯಬಹುದು. ಆದರೆ ಒರತೆಯ ಬಾಯಿ ಎಲ್ಲಿತ್ತು, ಕಾಲುವೆ ಯಾವ ಬದುವನ್ನು ಬಳಸಿ ಹೋಗುತ್ತಿತ್ತು, ಯಾರ ಸರದಿಯ ನಂತರ ಯಾರದು, ನೀರು ಕಡಿಮೆಯಾದ ವರ್ಷ ಯಾವ ಬೆಳೆಗೆ ನಿಲ್ಲಿಸುತ್ತಿದ್ದರು ಎಂಬುದು ಎಪ್ಪತ್ತು ದಾಟಿದ ಕೆಲವರ ನೆನಪಿನಲ್ಲಿ ಮಾತ್ರ ಉಳಿದಿದೆ. ಇಂಜಿನಿಯರ್ ಬರೆದ ಅಂದಾಜುಪಟ್ಟಿಯಲ್ಲಿ ಉದ್ದ, ಅಗಲ, ಆಳ ಸಿಗುತ್ತವೆ. ನೀರುಗಂಟಿ ಸನಿಕೆಯಿಂದ ಬದು ಒಡೆದು ಎಷ್ಟು ಹೊತ್ತಿಗೆ ಮತ್ತೆ ಕಟ್ಟುತ್ತಿದ್ದ, ನೀರನ್ನು ಕಣ್ಣಳತೆಯಲ್ಲಿ ಹೇಗೆ ಪಾಲು ಮಾಡುತ್ತಿದ್ದ ಎಂಬುದನ್ನು ಆತ ಮಾಡಿ ತೋರಿಸಬೇಕು, ಯಾರಾದರೂ ಅದನ್ನು ಚಿತ್ರೀಕರಿಸಬೇಕು. ನೀರುಗಂಟಿಕೆ ಬಹುಪಾಲು ದಲಿತ ಮನೆತನಗಳ ಕೈಯಲ್ಲಿದ್ದ ಕೆಲಸ. ಊರಿಗೆಲ್ಲ ನೀರು ಹಂಚಿದವನಿಗೆ ಊರು ಎಷ್ಟು ಕಾಳು ಅಳೆದು ಕೊಟ್ಟಿತು, ಎಲ್ಲಿ ನಿಲ್ಲಿಸಿ ಕೊಟ್ಟಿತು ಎಂಬುದೂ ಆ ಚಿತ್ರದಲ್ಲಿ ಬರಬೇಕು. ಹಳೆಯ ವ್ಯವಸ್ಥೆಯ ಜಾಣ್ಮೆಯನ್ನು ಮಾತ್ರ ಹೊಗಳಿ ಅದರ ಅನ್ಯಾಯವನ್ನು ಮರೆಮಾಚುವ ಚಿತ್ರ ಸಾಕ್ಷ್ಯವಾಗಲಾರದು.

ಎರಡನೆಯದು ನೆಲದ ವಿಷಯ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ಪಾರ್ಕ್ ತಲೆಯೆತ್ತಿದೆ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು. ಇಲ್ಲಿ ಭೂಮಿಯನ್ನು ಖರೀದಿಸಲಿಲ್ಲ, ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ, ಸುಮಾರು 28 ವರ್ಷಗಳ ಅವಧಿ. ಬರದ ಹೊಡೆತಕ್ಕೆ ಸಿಕ್ಕಿ ಕಡಲೆಕಾಯಿ ಬೀಜದ ಹಣವೂ ಹುಟ್ಟದಿದ್ದ ರೈತರಿಗೆ ಇದು ನಿಶ್ಚಿತ ಆದಾಯವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಭೂಮಿಯಿಲ್ಲದವರಿಗೆ ಗುತ್ತಿಗೆಯ ಹಣವಿಲ್ಲ. ಅವರು ಕಳೆಗೆ, ಕಟಾವಿಗೆ ಹೋಗುತ್ತಿದ್ದ ಹೊಲಗಳು ಬೇಲಿಯೊಳಗೆ ಸೇರಿದವು. ಕುರಿ ಮೇಯುತ್ತಿದ್ದ ಬಯಲು ಮುಚ್ಚಿತು; ಹಲವರು ಮಂದೆಯನ್ನೇ ಮಾರಿದರು. ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ದೊರೆಯಿತು. ಉಳಿದವರು ಬೆಂಗಳೂರಿನ ಬಸ್ಸು ಹತ್ತಿದರು.

ಈ ಗುತ್ತಿಗೆಯ ಅವಧಿ 2040ರ ದಶಕದ ನಡುಭಾಗದಲ್ಲಿ ಮುಗಿಯುತ್ತದೆ. ಇಂದು ಎಂಟನೆಯ ತರಗತಿಯಲ್ಲಿ ಕೂತಿರುವ ಬಾಲಕ ಬಾಲಕಿಯರು ಅಂದು ಮೂವತ್ತು ದಾಟಿದ ಗೃಹಸ್ಥರಾಗಿರುತ್ತಾರೆ. ನೆಲ ಅವರ ಕೈಗೆ ಮರಳಿ ಬರಬೇಕು. ಪಹಣಿಯಲ್ಲಿ ಸರ್ವೆ ನಂಬರು ಮತ್ತು ವಿಸ್ತೀರ್ಣ ಇರುತ್ತದೆ, ನಿಜ. ಬದುವಿನ ಹುಣಸೆಮರ, ಬಾವಿಯ ಕಟ್ಟೆ, ಮಳೆನೀರು ಹರಿಯುತ್ತಿದ್ದ ಜಾಡು, ಊರಿಂದ ಊರಿಗಿದ್ದ ಬಂಡಿದಾರಿ, ಅಕ್ಕಡಿ ಸಾಲಿನಲ್ಲಿ ತೊಗರಿ ಅಲಸಂದೆ ಇಡುತ್ತಿದ್ದ ಕ್ರಮ ಇವು ಪಹಣಿಯಲ್ಲಿ ಇರುವುದಿಲ್ಲ. ಆ ಹೊಲಗಳನ್ನು ಉತ್ತವರು ಇನ್ನೂ ಬದುಕಿದ್ದಾರೆ. ಅವರನ್ನು ಬೇಲಿಯ ಪಕ್ಕದಲ್ಲಿ ನಡೆಸಿಕೊಂಡು ಹೋಗಿ, ಎಲ್ಲಿ ಏನಿತ್ತು ಎಂದು ಹೇಳಿಸಿ, ಅದನ್ನು ದಾಖಲಿಸಿಡಲು ಇರುವ ಕಾಲಾವಕಾಶ ಚಿಕ್ಕದು. ಡ್ರೋನಿನಿಂದ ತೆಗೆದ ಚಿತ್ರದಲ್ಲಿ ಫಲಕಗಳು ಚೆನ್ನಾಗಿ ಕಾಣುತ್ತವೆ. ಫಲಕದ ಕೆಳಗಿರುವ ಊರಿನ ನೆನಪು ಕಾಣುವುದಿಲ್ಲ.

ಚಿತ್ರದಿಂದ ಇಷ್ಟೆಲ್ಲ ಸಾಧ್ಯವೇ ಎಂದು ಕೇಳುವವರಿಗೆ ಕುದುರೆಮುಖದ ಉದಾಹರಣೆ ಸಾಕು. ಪಶ್ಚಿಮಘಟ್ಟದ ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದು ಭದ್ರೆಗೆ ಕೆಸರು ಹರಿಯುತ್ತಿದ್ದಾಗ, 2001ರಲ್ಲಿ ಶೇಖರ್ ದತ್ತಾತ್ರಿಯವರು ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರು ಸಾಕ್ಷ್ಯಚಿತ್ರ ಮಾಡಿದರು. ಮಾತಿನಲ್ಲಿ ಹೇಳಿದರೆ ಉತ್ಪ್ರೇಕ್ಷೆಯೆನಿಸಬಹುದಾಗಿದ್ದ ಹಾನಿ ತೆರೆಯ ಮೇಲೆ ಕಣ್ಣಿಗೆ ಕಂಡಿತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವಂತೆ ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು. ಗೆದ್ದದ್ದು ಚಿತ್ರವೊಂದೇ ಅಲ್ಲ. ದಾಖಲೆ ಕಲೆಹಾಕಿದವರು, ದಾವೆ ಹೂಡಿದವರು, ಬೀದಿಗಿಳಿದ ಜನ ಎಲ್ಲರೂ ಇದ್ದರು. ಅವರೆಲ್ಲರ ಕೈಗೆ ಚಿತ್ರವೊಂದು ಗಟ್ಟಿ ಸಾಕ್ಷಿಯಾಗಿ ಒದಗಿತು.

ಶಿರಾ ತಾಲ್ಲೂಕಿನಲ್ಲಿಯೂ ಕ್ಯಾಮೆರಾ ಇಂಥದೇ ಕೆಲಸ ಮಾಡಿದೆ. ಬುಕ್ಕಾಪಟ್ಟಣದ ಕುರುಚಲು ಕಾಡನ್ನು ಪಾಳುಭೂಮಿಯೆಂದು ತಿಳಿದವರೇ ಹೆಚ್ಚು. ವನ್ಯಜೀವಿ ಸಂಶೋಧಕರು ಅಲ್ಲಿ ಇಟ್ಟ ಕ್ಯಾಮೆರಾಗಳಲ್ಲಿ ಚಿಂಕಾರ ಕಾಣಿಸಿಕೊಂಡ ಬಳಿಕ, 2019ರಲ್ಲಿ ಅದು ಚಿಂಕಾರ ವನ್ಯಜೀವಿಧಾಮವಾಯಿತು. ಮೂಕಪ್ರಾಣಿಯ ಒಂದು ಚಿತ್ರಕ್ಕೆ ಅಷ್ಟು ಬಲವಿದ್ದರೆ, ಅದೇ ಕುರುಚಲಿನಲ್ಲಿ ತಲೆಮಾರುಗಳಿಂದ ಕುರಿ ಮೇಯಿಸಿದವರ ಬದುಕಿನ ಚಿತ್ರಕ್ಕೂ ಬಲ ಬರಬೇಕು. ಯಾವ ತಿಂಗಳಲ್ಲಿ ಮಂದೆ ಎಲ್ಲಿರುತ್ತದೆ, ಯಾವ ಹುಲ್ಲು ಯಾವಾಗ ಚಿಗುರುತ್ತದೆ ಎಂಬ ತಿಳಿವಳಿಕೆ ದಾಖಲಾಗಿದ್ದರೆ ಕಾಡು ಕಾಯುವವರಿಗೂ ಕುರಿಗಾಹಿಗಳಿಗೂ ನಡುವೆ ಮಾತುಕತೆಗೆ ಒಂದು ಆಧಾರ ಸಿಗುತ್ತದೆ.

ಇನ್ನು ಗೊಲ್ಲರಹಟ್ಟಿಗಳ ವಿಷಯ. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಊರ ಹೊರಗಿಡುವ ಪದ್ಧತಿಯನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು. 2017ರ ಮೌಢ್ಯ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದು ಸಾರಿದೆ. ಹೀಗಿದ್ದೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ಅಸುನೀಗಿತು. ಅದನ್ನು ಜಗತ್ತಿಗೆ ತೋರಿಸಿದ್ದು ಸರಿ. ಆದರೆ ಗುಡಿಸಲಿನಲ್ಲಿ ಕೂತವಳ ಮುಖವನ್ನು ಅವಳ ಅನುಮತಿಯಿಲ್ಲದೆ ತೋರಿಸಿ ಹೋದ ಕ್ಯಾಮೆರಾ ಅವಳಿಗೆ ಏನು ಕೊಟ್ಟಿತು? ಚಿತ್ರ ಪ್ರಸಾರವಾದ ಮರುದಿನವೂ ಅವಳು ಅದೇ ಹಟ್ಟಿಯಲ್ಲಿ ಬಾಳಬೇಕು. ಅದೇ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನ ನಾದವಿದೆ, ರಾತ್ರಿಯಿಡೀ ಹಾಡುವ ಜುಂಜಪ್ಪನ ಕಾವ್ಯವಿದೆ, ಕಾಲೇಜು ಓದಿ ಗುಡಿಸಲಿಗೆ ಹೋಗುವುದಿಲ್ಲವೆಂದು ತಾಯಿಯೊಡನೆ ವಾದಿಸುವ ಹುಡುಗಿಯರೂ ಇದ್ದಾರೆ. ಜುಂಜಪ್ಪನನ್ನು ಮಾತ್ರ ತೋರಿಸಿದರೆ ಸುಳ್ಳು, ಗುಡಿಸಲನ್ನು ಮಾತ್ರ ತೋರಿಸಿದರೂ ಸುಳ್ಳು. ಸಾಮಾಜಿಕ ಬದಲಾವಣೆ ನಡೆಯುತ್ತಿರುವುದು ಆ ತಾಯಿ ಮಗಳ ವಾದದಲ್ಲಿ. ಅದನ್ನು ಕೇಳಿಸಿಕೊಳ್ಳಲು ಒಂದು ಸಂಜೆ ಸಾಲದು. ಹಟ್ಟಿಯ ವಿಶ್ವಾಸ ಗಳಿಸುವಷ್ಟು ಕಾಲ ಬೇಕು.

ಭಾರತದ ಸಾಕ್ಷ್ಯಚಿತ್ರದ ಚರಿತ್ರೆಯಲ್ಲಿ ಈ ತಾಳ್ಮೆ ತಡವಾಗಿ ಬಂತು. 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳನ್ನು ಟೂರಿಂಗ್ ಟಾಕೀಸುಗಳಲ್ಲಿಯೂ ಮುಖ್ಯಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದರು. ಅಣೆಕಟ್ಟು, ಗೊಬ್ಬರ, ಕುಟುಂಬ ಯೋಜನೆಗಳ ಬಗ್ಗೆ ಬಹುಮಟ್ಟಿಗೆ ಸರ್ಕಾರ ಹೇಳುತ್ತಿತ್ತು, ಜನ ಕೇಳುತ್ತಿದ್ದರು. 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು. ಇದಕ್ಕೆ ಎದುರಾದ ದಾರಿಯೊಂದನ್ನು ತೆಲಂಗಾಣದ ಜಹೀರಾಬಾದ್ ಸುತ್ತಿನ ದಲಿತ ಮಹಿಳೆಯರು ತೋರಿದ್ದಾರೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ, ಓದುಬರಹ ಬಾರದವರೂ ಕ್ಯಾಮೆರಾ ಕಲಿತು ತಮ್ಮ ಸಿರಿಧಾನ್ಯದ ಹೊಲಗಳನ್ನು, ಬೀಜದ ಮಡಕೆಗಳನ್ನು ಚಿತ್ರೀಕರಿಸಿದರು. ವಾರಂಗಲ್ ಸೀಮೆಯ ಬಿಟಿ ಹತ್ತಿಯ ಹೊಲಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ, ರೈತರಿಗಾದ ನಷ್ಟವನ್ನು ಅವರದೇ ಮಾತಿನಲ್ಲಿ ದಾಖಲಿಸಿದರು. ರಾಗಿ, ಸಜ್ಜೆ, ಹುರುಳಿಯ ಪಾವಗಡಕ್ಕೂ ಆ ಮಳೆಯಾಶ್ರಿತ ಸೀಮೆಗೂ ಹೆಚ್ಚು ಅಂತರವಿಲ್ಲ.

ಕೈಗೊಂದು ಮೊಬೈಲ್ ಬಂದಿರುವಾಗ ಎಲ್ಲವೂ ದಾಖಲಾಗುತ್ತಲೇ ಇದೆಯಲ್ಲ ಎಂಬ ವಾದವಿದೆ. ಆದರೆ ಮೊಬೈಲ್ ಕೆಟ್ಟ ದಿನ ಆ ದಾಖಲೆಯೂ ಹೋಗುತ್ತದೆ. ಉಳಿದರೂ ಅದರಲ್ಲಿ ಊರಿನ ಹೆಸರಿಲ್ಲ, ತಾರೀಖಿಲ್ಲ, ಮಾತನಾಡಿದವರು ಯಾರೆಂಬುದಿಲ್ಲ. ಇಂಥ ತುಣುಕು ನೋಡಿ ಮರೆಯುವುದಕ್ಕೆ ಸರಿ, ಸಾಕ್ಷಿಗೆ ಸಾಲದು.

ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಇಲ್ಲಿನ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಕೆಲಸ ಇಂದೇ ಆರಂಭವಾಗಬಹುದು. ಊರಿಗೊಂದು ವಿಷಯ ಸಾಕು: ಒಂದು ತಲಪರಿಗೆ, ಒಂದು ಗುತ್ತಿಗೆಗೆ ಹೋದ ಹೊಲ, ಒಂದು ಕುರಿಮಂದೆ, ಒಬ್ಬ ಗಣೆ ನುಡಿಸುವವರು. ಚಿತ್ರೀಕರಿಸುವ ಮೊದಲು ಒಪ್ಪಿಗೆ ಕೇಳಬೇಕು. ಬೇಡವೆಂದವರ ಮಾತನ್ನು ಮನ್ನಿಸಬೇಕು. ಪಾವಗಡದವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ, ಶಿರಾದ ಮುದುಕಿ ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲೇ ಇರಲಿ. ಅವರ ದನಿಯ ಮೇಲೆ ನಿರೂಪಕನ ದನಿ ಹೇರುವುದು ಬೇಡ. ಸ್ಥಳ, ದಿನಾಂಕ, ಹೆಸರನ್ನು ಆಗಲೇ ಬರೆದಿಡಬೇಕು. ಕತ್ತರಿಸದ ಮೂಲಪ್ರತಿ ಒಂದು ಶಾಲೆಯಲ್ಲಿ, ಇನ್ನೊಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ, ಇರಬೇಕು. ಎಲ್ಲಕ್ಕಿಂತ ಮೊದಲು ಚಿತ್ರವನ್ನು ಅದೇ ಊರಿನಲ್ಲಿ, ಅದರಲ್ಲಿ ಮಾತನಾಡಿದವರ ಎದುರಿನಲ್ಲಿ ತೋರಿಸಬೇಕು. ಹಾಗಲ್ಲ, ಕಾಲುವೆ ಈ ಕಡೆಯಿಂದ ಇತ್ತು ಎಂದು ಯಾರಾದರೂ ಎದ್ದು ತಿದ್ದಿದರೆ ಆ ತಿದ್ದುಪಡಿಯನ್ನೂ ಚಿತ್ರೀಕರಿಸಬೇಕು.

ಹೊರಗಿನಿಂದ ಬರುವ ಚಿತ್ರತಂಡಗಳಿಗೂ ಗ್ರಾಮಸಭೆಗಳು ಒಂದು ಮಾತು ಹೇಳಬಹುದು: ಬನ್ನಿ, ನೋಡಿ, ಚಿತ್ರ ತೆಗೆಯಿರಿ, ಮುಗಿದ ಮೇಲೆ ಪ್ರತಿಯೊಂದನ್ನು ಊರಿಗೆ ತಂದು ತೋರಿಸಿ, ಇಲ್ಲೇ ಬಿಟ್ಟುಹೋಗಿ. ಇದು ದೊಡ್ಡ ಬೇಡಿಕೆಯೇನಲ್ಲ. ಗುತ್ತಿಗೆ ಮುಗಿದು ಬೇಲಿ ತೆರೆಯುವ ದಿನ, ತಮ್ಮ ಹೊಲ ಯಾವುದೆಂದು ಹುಡುಕುತ್ತ ನಿಲ್ಲುವ ಮಕ್ಕಳಿಗೆ ಅಜ್ಜನೊಬ್ಬ ತೆರೆಯ ಮೇಲೆ ಕೈಚಾಚಿ ದಾರಿ ತೋರಬೇಕು. ಆ ಅಜ್ಜ ಇಂದು ಇನ್ನೂ ಜಗಲಿಯ ಮೇಲೆ ಕೂತಿದ್ದಾನೆ. ಅವನ ಬಳಿಗೆ ಹೋಗುವುದನ್ನು ಬರುವ ಬೇಸಿಗೆಗೆ ಮುಂದೂಡದಿರುವುದು ಒಳಿತು.