‘ನೆಟ್ ಬರವಲ್ದು’ ಅಂತ ಬಿಟ್ಟುಬಿಡಬ್ಯಾಡ್ರಿ, ಬರೆದಿಡ್ರಿ



ಸ್ವಲ್ಪ ಉದ್ದ ಪೋಸ್ಟ್ ಐತಿ. ಪುರುಸೊತ್ತು ಮಾಡ್ಕೊಂಡು ಓದ್ರಿ.

ಮೊನ್ನೆ ನಮ್ಮ ಬೈರಿದೇವರಕೊಪ್ಪದಾಗ ಐದಾರು ಮಂದಿ ಕೂಡಿದ್ವಿ. ಒಂದು ದೌರ್ಜನ್ಯ ಪ್ರಕರಣದ ವರದಿ ಇದ್ದ ವೆಬ್‌ಸೈಟ್ ತೆಗೆದು ಎಲ್ಲರಿಗೂ ತೋರಿಸಬೇಕಾಗಿತ್ತು. ಒಬ್ಬ ಹುಡುಗನ ಮೊಬೈಲಿನಾಗ ತಕ್ಷಣ ತೆರೀತು. ಬಾಜೂಕ ಕುಂತಿದ್ದ ತಂಗಿಯ ಮೊಬೈಲಿನಾಗ ಗುಂಡಗೆ ತಿರುಗಿ ತಿರುಗಿ ನಿಂತಿತು. ಇಬ್ಬರದೂ ಬೇರೆ ಬೇರೆ ಕಂಪನಿ ಸಿಮ್. ‘ನೆಟ್ ಬರವಲ್ದು ಬಿಡ್ರಿ ಅಣ್ಣಾ’ ಅಂದಳು. ಆದರೆ ಅದೇ ಮೊಬೈಲಿನಾಗ ಕ್ರಿಕೆಟ್ ಸ್ಕೋರ್ ಬರ್ತಿತ್ತು, ವಾಟ್ಸಾಪ್ ನಡೀತಿತ್ತು.

ಅದು ಸೈಟಿನ ತೊಂದರೆಯೋ, ಟವರಿನ ತೊಂದರೆಯೋ, ಯಾರಾದರೂ ತಡೆದಿದ್ದೋ? ನಮ್ಮಲ್ಲಿ ಯಾರೂ ಹೇಳಲಾರದೆ ಹೋದ್ವಿ. ನನಗೆ ಚುಚ್ಚಿದ್ದು ಇದೇ. ಬಾಗಿಲು ಮುಚ್ಚಿದ್ದಾರೋ, ಬಾಗಿಲೇ ಜಾಮ್ ಆಗೇತೋ ಅನ್ನೋದು ಗೊತ್ತಾಗದಿದ್ದರೆ ಯಾರನ್ನ ಕೇಳೋದು?

ನಮಗಿದು ಹೊಸ ಪ್ರಶ್ನೆ ಅಲ್ಲ. ‘ನಮ್ಮೂರಾಗ ಅಸ್ಪೃಶ್ಯತೆ ಇಲ್ಲರೀ’ ಅಂತ ಹೋಟೆಲಿನಾಂವ ಹೇಳಿದಾಗ ನಾವು ಏನ್ ಮಾಡ್ತಿದ್ವಿ? ಒಂದೇ ಹೊತ್ತಿಗೆ ಇಬ್ಬರನ್ನ ಕಳಿಸ್ತಿದ್ವಿ. ಒಬ್ಬ ನಮ್ಮ ಕೇರಿಯಾಂವ, ಊರಿಗೆಲ್ಲ ಗುರುತು ಇದ್ದಾಂವ. ಇನ್ನೊಬ್ಬ ಪರಊರಿನಾಂವ. ಅದೇ ಚಹಾ, ಅದೇ ರೊಕ್ಕ. ಒಬ್ಬನಿಗೆ ಒಳಗಿನ ಲೋಟ, ಇನ್ನೊಬ್ಬನಿಗೆ ಹೊರಗಿನ ಲೋಟ. ಊರ ಹೆಸರು, ತಾರೀಖು, ಹೊತ್ತು ಬರೆದುಕೊಂಡು ಬಂದರೆ ತಹಶೀಲ್ದಾರರ ಮುಂದೆ ವಾದ ಮಾಡಾಕ ಜಾಗ ಸಿಗ್ತಿತ್ತು.

ಇಂಟರ್ನೆಟ್ ಸೆನ್ಸಾರ್‌ಶಿಪ್ ಅಳೆಯೋರು ಮಾಡೋದೂ ಇದನ್ನೇ. ‘ಊನಿ’ ಅನ್ನೋ ಯೋಜನೆ 2012ರಿಂದ ನಡೀತಿದೆ. ಅವರ ‘ಊನಿ ಪ್ರೋಬ್’ ಆ್ಯಪ್ ಉಚಿತ. ಅದು ನಿಮ್ಮ ಸಿಮ್ ಮೂಲಕ ಒಂದು ಸೈಟ್ ತೆಗೆಯಲು ನೋಡುತ್ತದೆ. ಅದೇ ಸೈಟನ್ನು ತಡೆ ಇಲ್ಲದ ಬೇರೆ ಕಡೆಯ ಸರ್ವರ್‌ನಿಂದಲೂ ತೆಗೆಯುತ್ತದೆ. ಎರಡೂ ಉತ್ತರ ಹೋಲಿಸಿ, ವ್ಯತ್ಯಾಸ ಇದ್ದರೆ ಗುರುತು ಹಾಕುತ್ತದೆ. ಇಬ್ಬರು ಹೋದರು, ಒಬ್ಬನಿಗೆ ಒಳಗಿನ ಲೋಟ ಸಿಕ್ಕಿತು. ಅಷ್ಟೇ ಲೆಕ್ಕ. ಫಲಿತಾಂಶ ಜಗತ್ತಿನ ಯಾರು ಬೇಕಾದರೂ ನೋಡಬಹುದು. ಒಂದು ಸಲ ವ್ಯತ್ಯಾಸ ಬಂದರೆ ಅದು ಅನುಮಾನ. ಬೇರೆ ಬೇರೆ ದಿನ, ಬೇರೆ ಬೇರೆ ಫೋನಿನಿಂದ ಅದೇ ಬಂದರೆ ಪುರಾವೆ.

ತಡೆಯೋ ವಿಧಾನವೂ ಒಂದೇ ಥರ ಇರೋದಿಲ್ಲ. ಕೆಲವು ಕಂಪನಿಗಳು ವಿಳಾಸ ಕೇಳಿದರೆ ತಪ್ಪು ವಿಳಾಸ ಕೊಡುತ್ತವೆ. ಕೆಲವು ಲಕೋಟೆಯ ಮೇಲಿನ ಹೆಸರು ಓದಿ, ಒಳಗಿನ ಪತ್ರ ನೋಡದೆಯೇ ದಾರಿಯಲ್ಲೇ ಹರಿದು ಹಾಕುತ್ತವೆ. ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ದೇಶದ ಶೇ. 98ಕ್ಕಿಂತ ಹೆಚ್ಚು ಬಳಕೆದಾರರಿಗೆ ನೆಟ್ ಕೊಡುವ ಆರು ಕಂಪನಿಗಳನ್ನು ಪರೀಕ್ಷಿಸಿ, ಈ ಕಂಪನಿಗಳು ತಡೆಯುವ ಸೈಟುಗಳೇ ಒಂದೇ ಅಲ್ಲ ಅಂತ 2020ರಲ್ಲಿ ತೋರಿಸಿದರು. ದೇಶ ಒಂದು, ಕಾನೂನು ಒಂದು, ಆದರೆ ನೀವು ಏನು ಓದಬಹುದು ಅನ್ನೋದು ನಿಮ್ಮ ಸಿಮ್ ಮೇಲೆ.

‘ಇದೆಲ್ಲಾ ಸಾಫ್ಟ್‌ವೇರ್ ಮಂದಿ ಕೆಲಸ, ನಮಗ್ಯಾಕ?’ ಅನ್ನೋರು 2018ರ ಏಪ್ರಿಲ್ 2 ನೆನಪು ಮಾಡ್ಕೊಳ್ರಿ. ಎಸ್ಸಿ-ಎಸ್ಟಿ ದೌರ್ಜನ್ಯ ತಡೆ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಸಡಿಲ ಮಾಡಿದ್ದಕ್ಕೆ ನಮ್ಮ ಜನ ಭಾರತ್ ಬಂದ್ ಕರೆದರು. ಪಂಜಾಬ್‌ನಲ್ಲಿ ಮೊಬೈಲ್ ಇಂಟರ್ನೆಟ್ ಬಂದ್ ಮಾಡಿದರು. ಮಧ್ಯಪ್ರದೇಶದ ಗ್ವಾಲಿಯರ್, ಭಿಂಡ್, ಮೊರೆನಾ ಕಡೆ ಗುಂಡು ಹಾರಿದವು, ಜೀವ ಹೋದವು, ಅಲ್ಲೂ ನೆಟ್ ಬಂದ್. ಗುಂಡು ಯಾರು ಹಾರಿಸಿದರು ಅಂತ ವಿಡಿಯೊ ಕಳಿಸಬೇಕಾದ ಹೊತ್ತಿನಲ್ಲೇ ಕೈ ಕಟ್ಟಿದಂಗಾತು. ನಮ್ಮ ರಾಜ್ಯದಾಗ 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಬಲಿಯಾದರು. ಆ ರಾತ್ರಿಯಿಂದ ಮೊಬೈಲ್ ಇಂಟರ್ನೆಟ್ ಬಂದ್ ಆಯಿತು.

2024ರಲ್ಲಿ ಜಗತ್ತಿನ 54 ದೇಶಗಳಲ್ಲಿ 296 ಸಲ ಇಂಟರ್ನೆಟ್ ಬಂದ್ ಆಗಿದೆ, ಅದರಲ್ಲಿ ಭಾರತದ್ದೇ 84. ಈ ಲೆಕ್ಕ ಇಟ್ಟಿದ್ದು ‘ಆ್ಯಕ್ಸೆಸ್ ನೌ’ ಮತ್ತು ಅದರ ಜೊತೆಗಿನ ಸಂಘಟನೆಗಳು. ನಮ್ಮ ಸರ್ಕಾರದ ಹತ್ತಿರ? ಕೇಂದ್ರದ ಇಲಾಖೆಗಳು ಇಂಥ ದಾಖಲೆಯನ್ನೇ ಇಟ್ಟಿಲ್ಲ ಅಂತ 2021ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಹೇಳಿತು.

ಇದು ಎಲ್ಲೋ ಕೇಳಿದಂಗ ಐತಲ್ಲ? ಮಲ ಹೊರುವುದರಿಂದ ಯಾರೂ ಸತ್ತ ವರದಿ ಇಲ್ಲ ಅಂತ 2021ರ ಜುಲೈನಲ್ಲಿ ಸರ್ಕಾರ ರಾಜ್ಯಸಭೆಗೆ ಉತ್ತರ ಕೊಟ್ಟಿತ್ತು. ಎಣಿಸದಿದ್ದರೆ ಆಗಿಯೇ ಇಲ್ಲ. ಇದಕ್ಕೆ ಉತ್ತರ ಕೊಡೋದು ಹೆಂಗ ಅಂತ ತೋರಿಸಿದ್ದು ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಅವರ ಸಫಾಯಿ ಕರ್ಮಚಾರಿ ಆಂದೋಲನ. ರಾಜ್ಯಗಳು ‘ಒಣ ಪಾಯಿಖಾನೆ ಇಲ್ಲ’ ಅಂದವು. ಇವರು ಊರೂರು ಅಡ್ಡಾಡಿ ಫೋಟೊ ತೆಗೆದು ಸುಪ್ರೀಂ ಕೋರ್ಟಿಗೆ ಇಟ್ಟರು. 2003ರಲ್ಲಿ ಹಾಕಿದ ಕೇಸಿಗೆ 2014ರಲ್ಲಿ ತೀರ್ಪು ಬಂತು. ಹನ್ನೊಂದು ವರ್ಷ! ಭಾಷಣ ಮಾಡಿ ಗೆದ್ದದ್ದಲ್ಲ ಅದು. ಫೋಟೊ, ಊರು, ಮನೆ ಅಂತ ದಾಖಲೆ ಇಟ್ಟು ಗೆದ್ದದ್ದು.

ಈಗ ಕೋರ್ಟಿನ ಮಾತಿಗೆ ಬರೋಣ, ನಮ್ಮ ಕರ್ನಾಟಕ ಹೈಕೋರ್ಟಿನದೇ. ಸರ್ಕಾರದ ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್ ಅರ್ಜಿಯನ್ನು 2023ರ ಜೂನ್ 30ರಂದು ವಜಾ ಮಾಡಿ ₹50 ಲಕ್ಷ ದಂಡ ಹಾಕಿದರು. ಮತ್ತೆ ‘ಸಹಯೋಗ್’ ಪೋರ್ಟಲ್ ವಿರುದ್ಧದ ಎಕ್ಸ್ ಕಂಪನಿಯ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು. 19ನೇ ವಿಧಿಯ ಹಕ್ಕು ಇರೋದು ನಾಗರಿಕರಿಗೆ, ವಿದೇಶಿ ಕಂಪನಿಗಲ್ಲ ಅಂತ ಕೋರ್ಟ್ ಹೇಳಿತು.

ಆ ಕೋಟ್ಯಧೀಶ ಕಂಪನಿ ಬಗ್ಗೆ ನನಗೇನೂ ಕನಿಕರ ಇಲ್ಲ. ಆದರೆ ಕಂಪನಿಗೆ ಹಕ್ಕಿಲ್ಲ ಅಂದಮೇಲೆ ಕೋರ್ಟಿಗೆ ಹೋಗಬೇಕಾದವರು ನಾವೇ, ನಾಗರಿಕರು. ನಮ್ಮ ಕೈಯಾಗ ಏನೈತಿ? ಐಟಿ ಕಾಯ್ದೆಯ 69ಎ ಕಲಂ ಕೆಳಗಿನ 2009ರ ನಿಯಮಗಳಲ್ಲಿ 16ನೇ ನಿಯಮ ಅಂತ ಒಂದೈತಿ. ದೂರು, ಕ್ರಮ ಎಲ್ಲವನ್ನೂ ಗುಟ್ಟಾಗಿ ಇಡಬೇಕು ಅನ್ನುತ್ತದೆ. ಆದೇಶ ನಮಗೆ ಕೊಡೋದಿಲ್ಲ. ಆದೇಶ ಇಲ್ಲದೆ ಪ್ರಶ್ನೆ ಮಾಡೋದು ಹೆಂಗ? ವರದಕ್ಷಿಣೆಯನ್ನ ಗೇಲಿ ಮಾಡೋ ‘ಡೌರಿ ಕ್ಯಾಲ್ಕುಲೇಟರ್’ ಸೈಟನ್ನ 2018ರಲ್ಲಿ ತಡೆದರು. ಅದನ್ನ ಮಾಡಿದವರಿಗೆ ತಡೆ ಆದೇಶದ ಪ್ರತಿ ಕೊಡ್ರಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ. ಆದೇಶ ಗುಟ್ಟಾಗಿ ಇರೋ ತನಕ ನಮ್ಮ ಕೈಯಲ್ಲಿರೋ ಪುರಾವೆ ಅಂದರೆ ನಾವೇ ಮಾಡಿದ ಅಳತೆ ಮಾತ್ರ.

ಹಂಗಂತ ಎಲ್ಲಾ ತಡೆಯೂ ಅನ್ಯಾಯ ಅಂತ ನಾನು ಹೇಳೂದಿಲ್ಲ. 2022ರ ಏಪ್ರಿಲಿನಾಗ ಒಂದು ವಾಟ್ಸಾಪ್ ಸ್ಟೇಟಸ್ ಹಳೇ ಹುಬ್ಬಳ್ಳಿಯನ್ನ ಎಲ್ಲಿಗೆ ಒಯ್ದಿತು ಅಂತ ನಾವು ಕಣ್ಣಾರೆ ಕಂಡವರು. ನಮ್ಮ ಹೆಣ್ಣುಮಕ್ಕಳ ಮೇಲೆ ಜಾತಿ ಹೆಸರು ಹಿಡಿದು ಬೈಯೋ ಪೋಸ್ಟ್ ತೆಗೆಸಾಕ ನಾವೇ ಠಾಣೆ ಮೆಟ್ಟಿಲು ಹತ್ತೀವಿ. ತಡೆಯೋದಾದರೆ ಏನನ್ನ, ಯಾಕೆ, ಎಷ್ಟು ದಿನ ಅಂತ ಬರೆದು ಎಲ್ಲರಿಗೂ ಕಾಣಂಗ ಹಚ್ಚಲಿ. ಇಂಟರ್ನೆಟ್ ಬಂದ್ ಆದೇಶಗಳನ್ನ ಪ್ರಕಟಿಸಬೇಕು ಅಂತ ಅನುರಾಧಾ ಭಾಸಿನ್ ಪ್ರಕರಣದಾಗ 2020ರ ಜನವರಿ 10ರಂದು ಸುಪ್ರೀಂ ಕೋರ್ಟೇ ಹೇಳೇತಿ. ನಾವು ಕೇಳ್ತಿರೋದು ಅದಕ್ಕಿಂತ ಹೆಚ್ಚೇನಲ್ಲ.

ಹಂಗಾದ್ರ ನಾವು ಮಾಡೋದೇನು?

ಒಂದು, ಪ್ರತಿ ತಾಲೂಕಿನಾಗ ಇಬ್ಬರು ಮೂವರು ಊನಿ ಪ್ರೋಬ್ ಕಲಿಯಲಿ. ಬೇರೆ ಬೇರೆ ಸಿಮ್ ಇರಲಿ. ನಮಗೆ ಬೇಕಾದ ವಿಳಾಸಗಳನ್ನೇ ಅದರಾಗ ಹಾಕಿ ಪರೀಕ್ಷೆ ಮಾಡಬಹುದು. ಯಾವ ದೇಶದಲ್ಲಿ ಯಾವ ಸೈಟ್ ಪರೀಕ್ಷಿಸಬೇಕು ಅನ್ನೋ ಪಟ್ಟಿಗಳು ಬಹಿರಂಗವಾಗಿವೆ, ಹೊಸ ಹೆಸರು ಸೂಚಿಸಬಹುದು. ಪಟ್ಟಿಯಲ್ಲಿ ಇಲ್ಲದ್ದನ್ನ ಯಾರೂ ಅಳೆಯಂಗಿಲ್ಲ. ನಮ್ಮ ಪತ್ರಿಕೆ, ನಮ್ಮ ಸಂಘಟನೆಗಳ ಸೈಟ್ ಅದರಾಗ ಇರಬೇಕು.

ಎರಡು, ಅಕೌಂಟ್ ಅಥವಾ ಪೋಸ್ಟನ್ನ ಕಂಪನಿಯೇ ಮುಚ್ಚಿದರೆ ಈ ಆ್ಯಪ್‌ಗೆ ಕಾಣಂಗಿಲ್ಲ. ಅದಕ್ಕೆ ಸ್ಕ್ರೀನ್‌ಶಾಟ್ ಬೇಕು. ಪೂರ್ತಿ ಲಿಂಕ್, ತಾರೀಖು, ಹೊತ್ತು ಕಾಣಬೇಕು. ಬಂದ ಇಮೇಲ್ ಅಳಿಸಬ್ಯಾಡ್ರಿ.

ಮೂರು, ಪೂರ್ತಿ ನೆಟ್ ಬಂದ್ ಆದಾಗ ಯಾವ ಆ್ಯಪೂ ನಡೆಯೂದಿಲ್ಲ. ಆಗ ನಮ್ಮ ಹಳೇ ನೋಟ್‌ಬುಕ್ಕೇ ಗತಿ. ಎಷ್ಟೊತ್ತಿಗೆ ಹೋತು, ಎಷ್ಟೊತ್ತಿಗೆ ಬಂತು, ಯಾವ ಓಣಿ, ಯಾವ ಸಿಮ್, ಯಾರಿಗೆ ಕೂಲಿ ತಪ್ಪಿತು, ಯಾರ ಆಸ್ಪತ್ರೆ ಕೆಲಸ ನಿಂತಿತು, ಬರೆದಿಡ್ರಿ. ಆಮೇಲೆ ಆದೇಶದ ಪ್ರತಿಗೆ ಆರ್‌ಟಿಐ ಹಾಕ್ರಿ.

ಒಂದು ಎಚ್ಚರಿಕೆ. ಆ್ಯಪ್ ಪರೀಕ್ಷೆ ಮಾಡೋ ಸೈಟುಗಳಲ್ಲಿ ಆಕ್ಷೇಪಾರ್ಹ ಸೈಟುಗಳೂ ಇರ್ತಾವು, ಫಲಿತಾಂಶ ಬಹಿರಂಗ ಆಗ್ತದ, ನೀವು ಪರೀಕ್ಷೆ ಮಾಡ್ತಿರೋದು ನೆಟ್ ಕೊಡೋರಿಗೆ ಕಾಣಬಹುದು. ಓದಿ, ತಿಳಕೊಂಡು ಹಾಕಿಕೊಳ್ರಿ. ಈಗಾಗಲೇ ಕೇಸ್ ಇರೋರು ವಕೀಲರನ್ನ ಕೇಳ್ರಿ. ಇನ್ನೊಬ್ಬರ ಫೋನಿನಾಗ ಹೇಳದೆ ಕೇಳದೆ ಹಾಕಬ್ಯಾಡ್ರಿ.

ಬಾಬಾಸಾಹೇಬರು 1920ರಲ್ಲಿ ‘ಮೂಕನಾಯಕ’ ಶುರು ಮಾಡಿದ್ದು ಬೇರೆಯವರ ಪತ್ರಿಕೆಯಲ್ಲಿ ನಮಗೆ ಜಾಗ ಇರಲಿಲ್ಲ ಅಂತ. ಇವತ್ತು ಜಾಗ ಐತಿ ಅಂತ ನಾವು ನಂಬೀವಿ. ಆ ಜಾಗ ಯಾವಾಗ, ಎಲ್ಲಿ, ಯಾರಿಂದ ಕಡಿಮೆ ಆಗ್ತಾ ಐತಿ ಅಂತ ನಮ್ಮ ಕೈಯಾಗ ಲೆಕ್ಕ ಇರಬೇಕು.

ಬರೋ ಭಾನುವಾರ ಬೈರಿದೇವರಕೊಪ್ಪದಾಗ ಮತ್ತೆ ಕೂಡ್ತೀವಿ. ಆ ತಂಗಿಯ ಮೊಬೈಲಿನಿಂದಲೇ ಶುರು ಮಾಡೋದು ಅಂತ ಮಾತಾಗೇತಿ, ಆಕಿನೂ ಒಪ್ಪಿದಾಳ. ಬರೋರು ನೋಟ್‌ಬುಕ್ಕೂ ತರ್ರಿ.

ಜೈಭೀಮ್.