ಬೂದಿಯಾಗುವ ಮುನ್ನ ನೀರು ಹಾಕಿ

ಸುಗ್ಗಿ ಮುಗಿದ ಮೇಲೆ ನಮ್ಮ ರಾಜ್ಯದ ಯಾವ ದಿಕ್ಕಿಗೆ ಹೋದರೂ ಸಂಜೆಯ ಹೊತ್ತು ಹೊಲಗಳಲ್ಲಿ ಹೊಗೆ ಕಾಣುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ರವದಿ. ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳದ ದಂಟು. ಕಲಬುರಗಿಯಲ್ಲಿ ತೊಗರಿ ಕಟ್ಟಿಗೆ, ರಾಯಚೂರಿನಲ್ಲಿ ಹತ್ತಿ ಕಟ್ಟಿಗೆ. ಬೆಂಕಿ ಹಚ್ಚುವವರ ಕಷ್ಟ ನನಗೆ ಗೊತ್ತಿದೆ. ಆಳು ಸಿಗುವುದಿಲ್ಲ. ಮುಂದಿನ ಬೆಳೆಗೆ ಹೊಲ ಹಸನಾಗಬೇಕು. ದಂಟು ಕೊಳೆಯಲಿ ಎಂದು ನಾವು ಕಾದರೂ ಮಳೆ ಕಾಯುವುದಿಲ್ಲ. ಆದ್ದರಿಂದ ‘ಸುಡಬೇಡಿ’ ಎಂದಷ್ಟೇ ಹೇಳಿ ಹೋಗಲು ನಾನು ಬಂದಿಲ್ಲ. ಸುಡಲೇಬೇಕಾಗಿ ಬಂದಾಗ, ಅದು ಬೂದಿಯಾಗುವ ಮುನ್ನ ನಿಲ್ಲಿಸಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಬಯಲಲ್ಲಿ ಸುಟ್ಟ ದಂಟಿನಿಂದ ಹೊಲಕ್ಕೆ ಉಳಿಯುವುದು ಬಹಳ ಕಡಿಮೆ. ಅದರಲ್ಲಿದ್ದ ಇಂಗಾಲ ಹೆಚ್ಚುಕಡಿಮೆ ಪೂರ್ತಿ ಗಾಳಿಗೆ ಹೋಗುತ್ತದೆ. ಸಾರಜನಕವೂ ಹೋಗುತ್ತದೆ. ಉಳಿದ ಬೂದಿಯಲ್ಲಿ ಪೊಟ್ಯಾಷ್, ಸುಣ್ಣ, ಸ್ವಲ್ಪ ರಂಜಕ ಇರುತ್ತವೆ ನಿಜ. ಆದರೆ ಅದನ್ನೂ ಗಾಳಿ ಒಂದಿಷ್ಟು ಒಯ್ಯುತ್ತದೆ, ಮೊದಲ ಮಳೆ ಒಂದಿಷ್ಟು ತೊಳೆಯುತ್ತದೆ. ಅದೇ ದಂಟನ್ನು ಗಾಳಿ ಹೆಚ್ಚು ಸೋಕದಂತೆ ಬೇಯಿಸಿದರೆ ಇದ್ದಿಲಾಗುತ್ತದೆ. ಮಣ್ಣಿಗೆ ಸೇರಿಸಲೆಂದೇ ಹೀಗೆ ಮಾಡಿದ ಇದ್ದಿಲನ್ನು ಬಯೋಚಾರ್ ಎನ್ನುತ್ತಾರೆ. ದಂಟಿನಲ್ಲಿದ್ದ ಇಂಗಾಲದಲ್ಲಿ ಸುಮಾರು ಅರ್ಧದಷ್ಟು ಇದ್ದಿಲಿನಲ್ಲಿ ಉಳಿಯುತ್ತದೆ. ಕೊಟ್ಟಿಗೆ ಗೊಬ್ಬರದ ಇಂಗಾಲ ನಮ್ಮ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಕರಗಿ ಗಾಳಿ ಸೇರುತ್ತದೆ. ಇದ್ದಿಲಿನ ಇಂಗಾಲದ ಬಹುಪಾಲು ಮಣ್ಣಿನಲ್ಲಿ ನೂರಾರು ವರ್ಷ ಇರಬಲ್ಲದು.

ಇದಕ್ಕೆ ದೊಡ್ಡ ಸಾಕ್ಷಿ ಇರುವುದು ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ. ಅಲ್ಲಿನ ಮಣ್ಣು ನಮ್ಮ ಮಲೆನಾಡಿನ ಮಣ್ಣಿನ ಹಾಗೆ. ಮಳೆ ತೊಳೆದೂ ತೊಳೆದೂ ಸಾರ ಕಳೆದುಕೊಂಡ, ಹುಳಿ ಏರಿದ ಕೆಂಪು, ಹಳದಿ ಮಣ್ಣು. ಅದರ ನಡುವೆ ಅಲ್ಲಲ್ಲಿ ಕಡುಕಪ್ಪಾದ ಫಲವತ್ತಾದ ತುಣುಕುಗಳಿವೆ. ಅಲ್ಲಿನವರು ಅದನ್ನು ‘ಟೆರಾ ಪ್ರೇಟಾ’, ಅಂದರೆ ಕಪ್ಪು ಮಣ್ಣು ಎನ್ನುತ್ತಾರೆ. ಡಚ್ ಮಣ್ಣು ವಿಜ್ಞಾನಿ ವಿಮ್ ಸೋಂಬ್ರೂಕ್ 1966ರಲ್ಲಿ ಅಮೆಜಾನಿನ ಮಣ್ಣುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದರ ವಿಷಯ ಹೇಳಿದ್ದರು. ಅದು ತಾನಾಗಿ ಆದ ಮಣ್ಣಲ್ಲ. ಅಲ್ಲಿನ ಮೂಲನಿವಾಸಿಗಳ ಊರುಗಳಲ್ಲಿ ತಲೆಮಾರುಗಳ ಕಾಲ ಇದ್ದಿಲು, ಮೀನಿನ ಮುಳ್ಳು, ಅಡುಗೆಮನೆಯ ಕಸ, ಮಡಕೆಯ ಚೂರು ಎಲ್ಲವೂ ಸೇರುತ್ತ ಹೋದಂತೆ ಆದದ್ದು. ಆ ಊರುಗಳು ಅಳಿದು ಶತಮಾನಗಳು ಕಳೆದರೂ ಮಣ್ಣು ಕಪ್ಪಾಗಿಯೇ ಇದೆ, ಬೆಳೆಯನ್ನೂ ಕೊಡುತ್ತಿದೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ಅರಿವಿತ್ತು. ಕರಾವಳಿಯ ಹಿರಿಯರನ್ನು ಕೇಳಿದರೆ ‘ಸುಡುಮಣ್ಣು’ ಎನ್ನುತ್ತಾರೆ. ತರಗೆಲೆ, ಕಡ್ಡಿಕಸವನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ನಿಧಾನವಾಗಿ ಬೇಯಲು ಬಿಡುತ್ತಿದ್ದರು. ಹಾಗೆ ಬೆಂದ ಮಣ್ಣು ತರಕಾರಿ ಸಾಲಿಗೆ ಹೋಗುತ್ತಿತ್ತು. ಅದರಲ್ಲಿ ಬೂದಿಯೂ ಇತ್ತು, ಇದ್ದಿಲೂ ಇತ್ತು. ನಿಮ್ಮ ಮನೆಯಲ್ಲಿ ಇದನ್ನು ಮಾಡಿದ ಅಜ್ಜ, ಅಜ್ಜಿ ಇನ್ನೂ ಇದ್ದರೆ ದಯವಿಟ್ಟು ಒಮ್ಮೆ ಹತ್ತಿರ ಕುಳಿತು ಕೇಳಿ. ಆ ಕೈಗಳಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಪೂರ್ತಿ ಬಂದಿಲ್ಲ.

ಇದ್ದಿಲು ಮಣ್ಣಿನಲ್ಲಿ ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಣ್ಣಿಗೆ ಅದು ಕರಿ ತುಂಡು. ಒಳಗೆ ಪೂರ್ತಿ ಸಣ್ಣ ಸಣ್ಣ ರಂಧ್ರಗಳು. ಇವುಗಳಲ್ಲಿ ದೊಡ್ಡವು ಹಲವು, ಗಿಡ ಬದುಕಿದ್ದಾಗ ನೀರು ಹರಿಯುತ್ತಿದ್ದ ನಾಳಗಳೇ. ಚೆನ್ನಾಗಿ ಕಾದ ಮರದ ಇದ್ದಿಲು ಒಂದು ಗ್ರಾಂ ಇದ್ದರೆ, ಅದರ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗುತ್ತದೆ. ಅಲ್ಲಿ ನೀರು ನಿಲ್ಲುತ್ತದೆ. ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಅವುಗಳನ್ನು ತಿನ್ನುವ ದೊಡ್ಡ ಜೀವಿಗಳಿಗೆ ಆ ಕಿರುಗೂಡಿನೊಳಗೆ ನುಗ್ಗಲು ಆಗುವುದಿಲ್ಲ. ಬೇರಿನ ಜೊತೆ ಬಾಳುವ ಮೈಕೋರೈಜಾ ಶಿಲೀಂಧ್ರದ ಎಳೆಗಳು ಇದ್ದಿಲಿನ ಒಳಗೆ ಹೊಕ್ಕು, ಅಲ್ಲಿಂದ ನೀರನ್ನೂ ರಂಜಕವನ್ನೂ ಗಿಡಕ್ಕೆ ತಂದುಕೊಡಬಲ್ಲವು. ಹುಳಿ ಮಣ್ಣಿನಲ್ಲಿ ಬೇರನ್ನು ಬಾಧಿಸುವ ಅಲ್ಯೂಮಿನಿಯಂನ ಉಪಟಳವೂ ಇದ್ದಿಲಿನಿಂದ ಕಡಿಮೆಯಾಗುತ್ತದೆ.

ಪೋಷಕಾಂಶಗಳ ಕಥೆ ಸ್ವಲ್ಪ ಬೇರೆ. ಇದ್ದಿಲು ಗೊಬ್ಬರವಲ್ಲ. ಗೊಬ್ಬರವನ್ನು ಹಿಡಿದಿಡುವ ಕಣಜ ಅದು. ಮಣ್ಣಿನಲ್ಲಿ ಹಳೆಯದಾದಂತೆ ಅದರ ಮೇಲ್ಮೈ ಬದಲಾಗುತ್ತದೆ. ಅಮೋನಿಯಂ, ಪೊಟ್ಯಾಷ್, ಸುಣ್ಣದ ಅಂಶಗಳನ್ನು ಹಿಡಿದುಕೊಳ್ಳುವ ಶಕ್ತಿ ಬೆಳೆಯುತ್ತದೆ. ಮಳೆ ಬಂದಾಗ ಅವು ಬೇರಿನ ಕೆಳಗೆ ಜಾರಿಹೋಗುವುದು ಕಡಿಮೆಯಾಗುತ್ತದೆ. ಆದರೆ ಕಣಜ ಖಾಲಿ ಇದ್ದಾಗ ಅದು ಮೊದಲು ತನ್ನನ್ನೇ ತುಂಬಿಕೊಳ್ಳುತ್ತದೆ. ಬರೀ ಇದ್ದಿಲನ್ನು ನೇರವಾಗಿ ಸಾಲಿಗೆ ಹಾಕಿದರೆ ಅದು ಸಾರಜನಕವನ್ನು ಎಳೆದುಕೊಂಡು ಗಿಡ ಹಳದಿಯಾಗುವುದುಂಟು. ಆದ್ದರಿಂದ ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ. ಇದ್ದಿಲಿಗೆ ಮೊದಲು ಉಣಿಸಿ, ಆಮೇಲೆ ಮಣ್ಣಿಗೆ ಕೊಡಿ. ಗಂಜಲದಲ್ಲಿ ನೆನೆಸಬಹುದು, ಸಗಣಿ ಬಗ್ಗಡದಲ್ಲಿ ಕಲಸಬಹುದು, ಜೀವಾಮೃತ ಮಾಡುವವರು ಅದರಲ್ಲೇ ಹಾಕಬಹುದು. ಎಲ್ಲಕ್ಕಿಂತ ಸುಲಭದ ದಾರಿ ತಿಪ್ಪೆಗೇ ಸೇರಿಸುವುದು. ನಾಲ್ಕು ಬುಟ್ಟಿ ಕಸ, ಸಗಣಿಗೆ ಒಂದು ಬುಟ್ಟಿ ಇದ್ದಿಲಿನ ಪುಡಿ ಬಿದ್ದರೆ ಸಾಕು. ಗೊಬ್ಬರ ಮಾಗುವಾಗ ಇದ್ದಿಲೂ ಮಾಗುತ್ತದೆ.

ಮಾಡುವ ಬಗೆ ಕಷ್ಟದ್ದಲ್ಲ. ಹೊಲದ ಮೂಲೆಯಲ್ಲಿ ಒಂದು ಗುಂಡಿ ತೋಡಿ. ಮೇಲೆ ಅಗಲ, ತಳ ಕಿರಿದಾಗಿರಲಿ. ತಳದಲ್ಲಿ ಸಣ್ಣ ಬೆಂಕಿ ಮಾಡಿ, ಚೆನ್ನಾಗಿ ಒಣಗಿದ ದಂಟನ್ನು ಪದರ ಪದರವಾಗಿ ಹಾಕುತ್ತ ಹೋಗಿ. ಮೇಲಿನ ಪದರಕ್ಕೆ ಬಿಳಿ ಬೂದಿಯ ತೆಳು ಪೊರೆ ಬಂದ ಕೂಡಲೇ ಮುಂದಿನ ಪದರ ಹಾಕಿ. ಮೇಲಿನ ಜ್ವಾಲೆ ಗಾಳಿಯನ್ನೆಲ್ಲ ಬಳಸಿಕೊಳ್ಳುವುದರಿಂದ ಕೆಳಗಿನದು ಉರಿಯದೆ ಇದ್ದಿಲಾಗಿ ಉಳಿಯುತ್ತದೆ. ಹಸಿ ಕಡ್ಡಿ ಹಾಕಿದರೆ ಹೊಗೆ, ಒಣಗಿದ್ದರೆ ಹೊಗೆ ಬಹಳ ಕಡಿಮೆ. ಗುಂಡಿ ತುಂಬಿದಾಗ ನೀರು ಹಾಕಿ, ತಳದವರೆಗೂ ನೆನೆಯುವಷ್ಟು ಹಾಕಿ. ನೀರಿಗೆ ತೊಂದರೆ ಇರುವ ಕಡೆ ಹಸಿ ಮಣ್ಣು ಮುಚ್ಚಿ ಬಿಗಿ ಮಾಡಿ. ಒಂದು ಕೆಂಡ ಉಳಿದರೂ ರಾತ್ರಿ ಬೆಳಗಾಗುವುದರೊಳಗೆ ಎಲ್ಲವೂ ಬೂದಿಯಾಗುತ್ತದೆ. ನಾಲ್ಕೈದು ಕಿಲೋ ಒಣ ದಂಟಿಗೆ ಸುಮಾರು ಒಂದು ಕಿಲೋ ಇದ್ದಿಲು ಸಿಗುತ್ತದೆ. ಗುಂಡಿ ಬೇಡ ಎನ್ನುವವರಿಗೆ ಹಳೆಯ ಎಣ್ಣೆ ಡ್ರಮ್ಮಿನಿಂದ ಮಾಡುವ ಗೂಡೂ ಇದೆ. ಹೈದರಾಬಾದಿನ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ ಸಣ್ಣ ರೈತರಿಗಾಗಿ ಅಂಥದ್ದನ್ನು ರೂಪಿಸಿದೆ.

ಎಲ್ಲ ಹೊಲಕ್ಕೂ ಇದು ಒಪ್ಪುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಇದ್ದಿಲು ಕ್ಷಾರದ ಗುಣದ್ದು. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ, ಹಳೆ ಮೈಸೂರು ಕಡೆಯ ಸಾರ ಸೋತ ಕೆಂಪು ಮಣ್ಣಿಗೆ ಅದು ಹಿತ. ಉತ್ತರ ಕರ್ನಾಟಕದ ಎರೆ ಹೊಲದ ರಸಸಾರ ಆಗಲೇ 8 ದಾಟಿದ್ದರೆ, ಸವಳು ಕಾಣಿಸಿಕೊಂಡಿದ್ದರೆ, ದಯವಿಟ್ಟು ಅವಸರ ಮಾಡಬೇಡಿ. 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಉಷ್ಣವಲಯದಲ್ಲಿ ಬಯೋಚಾರ್‌ನಿಂದ ಇಳುವರಿ ಸರಾಸರಿ ಶೇ. 25ರಷ್ಟು ಹೆಚ್ಚಿತ್ತು. ಮೊದಲೇ ಫಲವತ್ತಾಗಿದ್ದ ತಂಪು ದೇಶಗಳ ಮಣ್ಣಿನಲ್ಲಿ ಹೆಚ್ಚಳ ಇರಲಿಲ್ಲ. ಬಡ ಮಣ್ಣಿಗೇ ಇದರ ಉಪಕಾರ ಹೆಚ್ಚು. ನಿಮ್ಮ ಮಣ್ಣು ಯಾವ ಬಗೆಯದು ಎಂದು ತಿಳಿಯಲು ಮಣ್ಣು ಆರೋಗ್ಯ ಚೀಟಿ ನೋಡಿ. ಚೀಟಿ ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ. ಅದರಲ್ಲಿ ಸಾವಯವ ಇಂಗಾಲದ ಅಂಕಿ ಶೇ. 0.5ಕ್ಕಿಂತ ಕೆಳಗಿದ್ದರೆ ಮಣ್ಣು ಹಸಿದಿದೆ ಎಂದೇ ತಿಳಿಯಿರಿ.

ಇನ್ನೊಂದು ವಿನಂತಿ. ಇದ್ದಿಲಿಗಾಗಿ ಮರ ಕಡಿಯಬೇಡಿ. ಮೇವಿನ ಮೇಲೆ ಮೊದಲ ಹಕ್ಕು ದನದ್ದು. ಆಮೇಲೆ ಮುಚ್ಚಿಗೆಯಾಗಿ ಹೊಲಕ್ಕೆ ಹಾಸಲು ಬರುವುದನ್ನು ಹಾಸಿ. ಯಾವುದಕ್ಕೂ ಆಗದೆ ಬೆಂಕಿಗೇ ಹೋಗಲಿದ್ದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಮೆಕ್ಕೆಜೋಳದ ಬೆಂಡು, ತೆಂಗಿನ ಚಿಪ್ಪು, ಬಳ್ಳಾರಿ ಜಾಲಿಯ ಕೊಂಬೆ, ಇವನ್ನು ಮಾತ್ರ ಗುಂಡಿಗೆ ತನ್ನಿ. ಬಣ್ಣ ಬಳಿದ ಕಟ್ಟಿಗೆ, ಪ್ಲಾಸ್ಟಿಕ್ ಖಂಡಿತ ಬೇಡ. ಪುಡಿ ಮಾಡುವಾಗ ಇದ್ದಿಲು ಒದ್ದೆಯಾಗಿರಲಿ, ಮೂಗಿಗೆ ಬಟ್ಟೆ ಇರಲಿ.

ನಗರದಲ್ಲಿರುವ ನಿಮಗೂ ಇದರಲ್ಲಿ ಪಾಲಿದೆ. ಮೈಸೂರಿನಲ್ಲಿ ರೂಪುಗೊಂಡ ‘ಅನಿಲ’ ಎಂಬ ಒಲೆ ಅಡುಗೆಯನ್ನೂ ಮಾಡಿ ಕೊನೆಗೆ ಇದ್ದಿಲನ್ನೂ ಉಳಿಸಿಕೊಡುತ್ತದೆ. ಅಂಥ ಒಲೆಗಳ ಬಗ್ಗೆ ಹಳ್ಳಿಯ ನಿಮ್ಮ ನೆಂಟರಿಗೆ ತಿಳಿಸಿ. ತಾರಸಿ ತೋಟ ಇದ್ದರೆ ಕುಂಡದ ಮಣ್ಣಿಗೆ ಹತ್ತರಲ್ಲಿ ಒಂದು ಪಾಲು ಉಣಿಸಿದ ಇದ್ದಿಲು ಸೇರಿಸಿ. ರಸ್ತೆ ಬದಿಯ ತರಗೆಲೆಗೆ ಯಾರಾದರೂ ಬೆಂಕಿ ಇಡುತ್ತಿದ್ದರೆ, ಜಗಳವಾಡದೆ, ಆ ಎಲೆಗಳನ್ನು ನಿಮ್ಮ ಗೊಬ್ಬರದ ಡಬ್ಬಿಗೆ ಕೇಳಿ ಪಡೆಯಿರಿ.

ಎಕರೆ ಪೂರ್ತಿ ಹರಡಲು ಟನ್ನುಗಟ್ಟಲೆ ಇದ್ದಿಲು ಬೇಕು. ಅಷ್ಟನ್ನು ಒಂದೇ ವರ್ಷದಲ್ಲಿ ಮಾಡಿ ಎಂದು ಯಾರನ್ನೂ ಕೇಳಲಾಗದು. ಈ ವರ್ಷ ಒಂದೇ ಒಂದು ಗುಂಡಿ ಮಾಡಿ. ಸಿಕ್ಕಿದ ಇದ್ದಿಲನ್ನು ಗೊಬ್ಬರದೊಂದಿಗೆ ಎರಡು ಸಾಲಿಗೆ, ಇಲ್ಲವೇ ಹತ್ತು ತೆಂಗಿನ ಬುಡಕ್ಕೆ ಕೊಡಿ. ಪಕ್ಕದ ಸಾಲನ್ನು ಹಾಗೇ ಬಿಡಿ. ಮುಂಗಾರಿನ ನಡುವೆ ಮಳೆ ಎರಡು ವಾರ ಕೈಕೊಟ್ಟಾಗ ಎರಡೂ ಕಡೆ ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿ. ಕಂಡದ್ದನ್ನು, ಒಳ್ಳೆಯದಾಗಲಿ ಆಗದಿರಲಿ, ಪಕ್ಕದ ಹೊಲದವರಿಗೆ ಇದ್ದ ಹಾಗೆ ಹೇಳಿ. ಈ ಸಲ ದಂಟಿನ ರಾಶಿಗೆ ಕಡ್ಡಿ ಗೀರುವ ದಿನ, ನೀರು ತುಂಬಿದ ಕೊಡಗಳನ್ನು ಮೊದಲೇ ತಂದು ಪಕ್ಕದಲ್ಲಿ ಇಟ್ಟುಕೊಳ್ಳಿ.